ಸೊಪ್ಪು ಸಾಲದು ಎಂದ ಲತಾಮಣಿ

ಮರಳವಾಡಿಯ ಲತಾಮಣಿ ಊರಿನವರ ಮಾತಿಗೆ ಸೊಪ್ಪು ಹಾಕುವವಳಲ್ಲ. ಹುಳಗಳಿಗೆ ಮಾತ್ರ ದಿನಕ್ಕೆರಡು ಹೊತ್ತು ತಪ್ಪದೆ ಹಾಕುತ್ತಾಳೆ. ಅವಳದು ಚಾಕಿ ಮನೆ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳ ಎರಡು ಸಲ ಪೊರೆ ಕಳಚುವವರೆಗೆ ಅಲ್ಲೇ ಬೆಳೆದು, ಆಮೇಲೆ ರೈತರ ಮನೆ ಸೇರುತ್ತದೆ. ಹುಳಗಳ ಅಂಗನವಾಡಿ ಅನ್ನಿ.

ಹುಳ ಕೇಳಿಕೊಂಡು ಯಾರೇ ಬರಲಿ, ಲತಾಮಣಿ ಮೊದಲು ಸ್ಕೂಟರಿನಲ್ಲಿ ಹೋಗಿ ಅವರ ಹಿಪ್ಪುನೇರಳೆ ತೋಟ ನೋಡಿಬರುತ್ತಾಳೆ. ಸೊಪ್ಪು ಎಷ್ಟೋ ಹುಳ ಅಷ್ಟೇ.

“ಇನ್ನೂರು ಮೊಟ್ಟೆ ಹುಳ ಕೊಡವ್ವ. ನಾನೇನು ನೆನ್ನೆ ಮೊನ್ನೆ ಹುಳ ಮೇಯ್ಸಕ್ಕೆ ನಿಂತೋನಾ?” ಎಂದು ಹಳೇ ರೈತ ಬೋರಲಿಂಗಯ್ಯ ಒಮ್ಮೆ ರೇಗಿದ್ದರು. ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆ ಸೇರಿ ಈ ಕಸುಬಿನಲ್ಲಿ ‘ಒಂದು ಮೊಟ್ಟೆ’.

“ನಿಮ್ ತೋಟದಾಗಿರೋದು ನೂರಕ್ಕೆ ಸಾಲೋ ಸೊಪ್ಪು. ಮಿಕ್ಕಿದ್ದಕ್ಕೆ ನಿಮ್ ಅನುಭವಾನೇ ಹೆಚ್ಚಿ ಹಾಕ್ತೀರಾ, ಬೋರಲಿಂಗಣ್ಣ?”

ಬೋರಲಿಂಗಯ್ಯ ನೂರಕ್ಕೇ ಒಪ್ಪಿಕೊಂಡು ಹೋದರು.

ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಹುಳ ಸಾಕುವವಳ ತಲೆಗೂ ಹುಳ ಬಿಡುವ ಜನ ಊರಲ್ಲಿ ಕಡಿಮೆಯಿಲ್ಲ. ಕಾರಣ ಗೊತ್ತಿದ್ದದ್ದು ಅವಳಿಗೆ ಮತ್ತು ಗಂಡ ಲೋಕೇಶನಿಗೆ ಮಾತ್ರ. ಅವಳ ತಮ್ಮ ಶಿವಕುಮಾರನಿಗೆ ಕೈಕಾಲಿನ ಶಕ್ತಿ ವರ್ಷದಿಂದ ವರ್ಷಕ್ಕೆ ಸೋರಿಹೋಗುವ ಕಾಯಿಲೆ. ಹನ್ನೊಂದನೇ ವಯಸ್ಸಿಗೆ ನಡೆಯುವುದು ನಿಂತಿತು; ಈಗ ಇಪ್ಪತ್ತೆರಡು. ತಾಯಿ ತೀರಿಹೋದ ಮೇಲೆ ಅಕ್ಕನ ಮನೆಯಲ್ಲೇ ಇದ್ದಾನೆ. ಗಾಲಿ ಕುರ್ಚಿಯಲ್ಲಿ ಜಗಲಿ ಮೇಲೆ ಕೂತು ಚಾಕಿ ಮನೆಯ ಫೋನುಗಳನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ.

ಚಾಕಿ ಮನೆ ನೆಲೆ ನಿಲ್ಲಲೆಂದು ಮೊದಲ ಆರು ವರ್ಷ ಮಗುವನ್ನು ಮುಂದೂಡಿದ್ದರು. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಲತಾಮಣಿಯ ರಕ್ತ ಪರೀಕ್ಷೆ ಮಾಡಿದಾಗ ಆ ಕಾಯಿಲೆಯ ಬೀಜ ಅವಳಲ್ಲೂ ಇದೆಯೆಂದು ಗೊತ್ತಾಯಿತು. ಗಂಡುಮಗುವಾದರೆ ಅರ್ಧಕ್ಕರ್ಧ ಸಾಧ್ಯತೆ. ಗರ್ಭದಲ್ಲೇ ಪರೀಕ್ಷಿಸಿ, ಕಾಯಿಲೆ ಇದ್ದರೆ ತೆಗೆಸಬಹುದು ಎಂದರು ಡಾಕ್ಟರು. ಊರಿಗೆ ಮರಳುವ ಬಸ್ಸು ಹಾರೋಹಳ್ಳಿ ದಾಟಿದ ಮೇಲೆ ಗಂಡ ಹೆಂಡತಿ ಮಾತು ಶುರುಮಾಡಿದರು. ಇಳಿಯುವಾಗ ತೀರ್ಮಾನವಾಗಿತ್ತು: ಮಗು ಬೇಡ. ಕಾರಣವನ್ನು ಮನೆಯಲ್ಲಿ ಹೇಳುವುದೂ ಬೇಡ; ಶಿವನ ಕಿವಿಗೆ ಬಿದ್ದರೆ ಅವನೇನು ಅಂದುಕೊಂಡಾನು?

ಆದರೆ ಅತ್ತೆ ಅಂಬುಜಮ್ಮನಿಗೆ ಏನಾದರೂ ಹೇಳಬೇಕಲ್ಲ. “ಇನ್ನೂ ಸೊಪ್ಪು ಸಾಲ್ದು ಅತ್ತೆ” ಎಂದುಬಿಟ್ಟಳು, ಕಸುಬಿನ ಬಾಯಲ್ಲಿ.

ಅಂಬುಜಮ್ಮ ಮೂವತ್ತು ವರ್ಷ ಹುಳ ಮೇಯಿಸಿದವರು. ಸೊಪ್ಪು ಸಾಲದಿದ್ದರೆ ಒದಗಿಸಬೇಕು, ಅಷ್ಟೇ ತಾನೇ! ಮಗು ನೋಡಿಕೊಳ್ಳಲು ಆಳಿಲ್ಲವೆಂದು ಸೊಸೆ ಹೆದರಿರಬಹುದೆಂದು ಸಂಘದ ಹೆಂಗಸರ ಜೊತೆ ಬಸ್ಸಿನಲ್ಲಿ ದೇವರು ನೋಡಲು ಹೋಗುವುದನ್ನು ಬಿಟ್ಟರು. ತಮ್ಮ ಕೋಣೆ ಖಾಲಿ ಮಾಡಿ ನಡುಮನೆಗೆ ಹಾಸಿಗೆ ತಂದರು. ಮೊಳಕೆ ಕಟ್ಟಿದ ರಾಗಿ ಒಣಗಿಸಿ, ಇನ್ನೂ ಹುಟ್ಟದ ಕೂಸಿಗೆ ರಾಗಿಸರಿಯ ಹಿಟ್ಟು ಮಾಡಿಸಿಟ್ಟರು. ಹಿಟ್ಟಿಗೆ ಹುಳ ಬಿದ್ದಾಗ ಚೆಲ್ಲಿ, ಮತ್ತೆ ಮಾಡಿಸಿದರು. ಕಳೆದ ಸೋಮವಾರ ಬೆಳಗ್ಗೆ ಹಾಲು ಕೊಡುವ ಹಸುವೊಂದನ್ನು ಹಿಡಿದುಕೊಂಡು ಬಂದು ಜಗಲಿ ಮುಂದೆ ನಿಂತರು.

“ತಕ್ಕಳವ್ವ, ಆಲೂ ಆಯ್ತು. ಇನ್ನೇನ್ ಸಾಲ್ದು, ಏಳ್ಬುಡು.”

ಅರವತ್ತಮೂರು ವರ್ಷದ ಹೆಂಗಸು ಹಗ್ಗ ಹಿಡಿದು ಏದುಸಿರು ಬಿಡುತ್ತಿದ್ದರು. ಅವರಿಗೆ ಇನ್ನೊಂದು ಸುಳ್ಳು ಹೇಳುವುದು ಲತಾಮಣಿಯ ಕೈಲಾಗಲಿಲ್ಲ. ಶಿವ ಜಗಲಿಯಲ್ಲೇ ಇದ್ದಾನೆಂಬುದನ್ನೂ ಮರೆತು, ರಕ್ತ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಜಗಲಿಯ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಶಿವಕುಮಾರ ಎತ್ತಲಿಲ್ಲ.

“ನನ್ನಂಥೋನು ಬ್ಯಾಡ ಅಂತ. ಅಲ್ವೇನಕ್ಕ?”

“ನಿನ್ ಬ್ಯಾಡ ಅಂದೋರ್ಯಾರ್ಲಾ?” ಲತಾಮಣಿ ಅವನ ಕುರ್ಚಿಯ ಪಕ್ಕ ನೆಲದಲ್ಲೇ ಕೂತಳು. “ನೀನು ಬಂದಾಗ ಅವ್ವಂಗೆ ಏನೂ ಗೊತ್ತಿರ್ನಿಲ್ಲ. ನಂಗೆ ಗೊತ್ತೈತೆ. ಗೊತ್ತಿದ್ದೂ ಒಂದ್ ಮಗೀನ ಕರ್ಕಂಬಂದು, ಒಂದಿನ ಅವನು ‘ಯಾಕವ್ವ ನಂಗೆ ಓಡಕ್ಕಾಗಲ್ಲ’ ಅಂದ್ರೆ ಏನ್ ಏಳ್ಲಿ?”

“ನಾನು ಅವ್ವನ್ನ ಅಂಗೆ ಕೇಳಿದ್ದೆ. ಅವ್ಳೇನೋ ಏಳಿದ್ಲು, ಮರ್ತೋಯ್ತು.” ಶಿವಕುಮಾರ ಬಡಿದುಕೊಳ್ಳುತ್ತಿದ್ದ ಫೋನನ್ನು ಕಟ್ ಮಾಡಿದ. “ಹುಟ್ಟಿದ್ದಕ್ಕೆ ನಂಗೇನ್ ಬೇಜಾರಿಲ್ಲ ಕಣಕ್ಕ. ಅದನ್ನೂ ಒಸಿ ಲೆಕ್ಕಕ್ಕೆ ತಗೋ.”

“ತಗೊಂಡಿವ್ನಿ ಕಣೋ. ಅದಕ್ಕೇ ಹೊಟ್ಟೇಲಿ ನೋಡಿ ತೆಗ್ಸೋದೂ ಬ್ಯಾಡ ಅಂದಿದ್ದು. ಅಲ್ಲಿ ನೀನೇ ಇದ್ರೆ?”

ಅಕ್ಕನ ತೀರ್ಮಾನ ಸರಿಯೆಂದು ಶಿವಕುಮಾರ ಒಪ್ಪಲಿಲ್ಲ.

ಅಂಬುಜಮ್ಮ ಹಸುವನ್ನು ಕಂಬಕ್ಕೆ ಕಟ್ಟಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ನಂಗೆ ಒಂದು ಮೊಮ್ಮಗ ಬೇಕಿತ್ತು ಕಣವ್ವ.”

“ನಂಗೂ ಬೇಕಿತ್ತು, ಅತ್ತೆ.”

ಒಂಬತ್ತು ವರ್ಷದಲ್ಲಿ ಯಾಕಾಗಲಿಲ್ಲ, ಯಾವಾಗ ಆಗುತ್ತದೆ ಎಂದು ಕೇಳಿದವರು ಊರ ತುಂಬ ಇದ್ದರು. ನಿನಗೆ ಬೇಕಿತ್ತಾ ಎಂದು ಯಾರೂ ಕೇಳಿರಲಿಲ್ಲ. ಅಂಬುಜಮ್ಮ ಸೊಸೆಯ ಪಕ್ಕ ನೆಲಕ್ಕೆ ಕೈಯೂರಿ, ಮಂಡಿನೋವಿಗೆ “ಅಯ್ಯಪ್ಪಾ” ಎನ್ನುತ್ತ ಕೂತರು.