ಲೇಥ್ ಕಾಕಾ ಕೊಟ್ಟ ಸ್ಕ್ರೂ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನೊಳಗೆ ಕೂತ ಕಬ್ಬಿಣದ ಕಪ್ಪು ಯುಗಾದಿಯ ಎಣ್ಣೆಸ್ನಾನಕ್ಕೂ ಹೋಗುತ್ತಿರಲಿಲ್ಲ. ಬೋಲ್ಟಿನ ಥ್ರೆಡ್ ಮೇಲೆ ಆ ಉಗುರು ಆಡಿಸಿಯೇ ಅದು ಸರಿ ಇದೆಯೋ ಇಲ್ಲವೋ ಹೇಳುತ್ತಿದ್ದರು.

ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದೆ, ಕಬ್ಬಿಣ ತಿರುವಿ ಕೆತ್ತುವ ಲೇಥ್ ಮಷಿನ್ ಇಟ್ಟ ಅಂಗಡಿ ಅವರದು. ಎಲ್ಲರಿಗೂ ಅವರು ಲೇಥ್ ಕಾಕಾ. ಬಸವಕಲ್ಯಾಣದಲ್ಲಿ ಬಡಿಗ ಕೆಲಸ ಮಾಡುತ್ತಿದ್ದ ನಾನು ತೊಂಬತ್ತರ ದಶಕದಿಂದಲೂ ಅವರ ಗಿರಾಕಿ. ಮಾತು ಕಡಿಮೆ, ಬೈಗುಳ ಜಾಸ್ತಿ. ತಿರುವಿದ ವಸ್ತು ಕೈಗಿಟ್ಟು, "ತಗೋ, ತಪ್ಪಿದ್ರ ತಂದು ನನ್ನ ಮಾರಿಗಿ ಒಗಿ" ಎನ್ನುತ್ತಿದ್ದರು. ಯಾರೂ ತಂದು ಒಗೆದದ್ದನ್ನು ನಾನು ಕಾಣೆ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಉಳಿ ಹಿಡಿದೂ ಹಿಡಿದೂ ನನ್ನ ಬೆರಳು ಜೋಮು ಹಿಡಿಯತೊಡಗಿದ್ದವು. ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ ಮಷಿನ್ ಮನೆಯಲ್ಲೇ ಕಟ್ಟುವ ಹುಚ್ಚು ಹತ್ತಿತು. ಮೋಟಾರು ಹೈದರಾಬಾದಿನ ಗುಜರಿಯಲ್ಲಿ ಸಿಕ್ಕವು. ಮೇಜನ್ನು ಸರಿಸುವ ಉದ್ದನೆಯ ಸ್ಕ್ರೂ ಮಾತ್ರ ಎಲ್ಲೂ ಸಿಗಲಿಲ್ಲ. ಕಾಕಾ ಮೂಲೆಗಿಟ್ಟಿದ್ದ ತಮ್ಮ ಹಳೆಯ ಲೇಥ್ ಬಿಚ್ಚಿ ಅದರ ಸ್ಕ್ರೂವನ್ನು ಉಗುರು ಆಡಿಸಿ ನೋಡದೆಯೇ ಎತ್ತಿಕೊಟ್ಟರು. "ಇಂಥಾ ಮಾಲ್ ಈಗ ಬರಂಗಿಲ್ಲ ತಮ್ಮಾ."

ಮಷಿನ್ ನಡೆಯಿತು. ಆದರೆ ದುಂಡನೆಯ ಗೋಲ ಕೆತ್ತು ಅಂದರೆ ತತ್ತಿಯಾಕಾರ ಕೆತ್ತುತ್ತಿತ್ತು. ಗೆರೆ ಹೊರಟ ಜಾಗಕ್ಕೆ ಬಂದು ಕೂಡುತ್ತಲೇ ಇರಲಿಲ್ಲ. ಮೋಟಾರು ಬದಲಿಸಿದೆ, ವೈರು ಬದಲಿಸಿದೆ, ನಟ್ಟು ಬೋಲ್ಟು ಬಿಗಿದೆ. ಜೀವ ಹೈರಾಣಾಯಿತು. ಮೂರನೇ ವಾರ ಸ್ಕ್ರೂ ಮೇಲೆ ಕೈಯಾಡಿಸಿದಾಗ ತಿಳಿಯಿತು: ಎಡಗಡೆ ಎರಡು ಗೇಣಿನಷ್ಟು ಥ್ರೆಡ್ ಸವೆದು ತೆಳ್ಳಗಾಗಿತ್ತು. ಅಲ್ಲಿ ದಿಕ್ಕು ಬದಲಿಸುವಾಗ ಸ್ಕ್ರೂ ತಿರುಗುತ್ತಿತ್ತು, ಮೇಜು ಮಾತ್ರ ಒಂದು ಕ್ಷಣ ಸುಮ್ಮನೆ ನಿಂತಿರುತ್ತಿತ್ತು. ಕಾಕಾ ಮೂವತ್ತು ವರ್ಷ ತಮ್ಮ ಲೇಥಿನಲ್ಲಿ ಸ್ಕ್ರೂವಿನ ಆ ಭಾಗದ ಮೇಲೇ ಕೆಲಸ ನಡೆಸಿದ್ದರು.

ಹೇಳಬೇಕಿತ್ತು, ಹೇಳಲಿಲ್ಲ. ಹಿರಿಯರು, ಪ್ರೀತಿಯಿಂದ ಕೊಟ್ಟಿದ್ದಾರೆ. ನಿಮ್ಮ ಸ್ಕ್ರೂ ಸವೆದಿದೆ ಅಂತ ಯಾವ ಬಾಯಿಂದ ಹೇಳಲಿ? ಕೊರತೆ ಬಿದ್ದಷ್ಟು ಹೆಚ್ಚು ತಿರುಗು ಎಂದು ಕಂಪ್ಯೂಟರಿಗೆ ಅಂಕಿ ಕೊಟ್ಟೆ. ಎಡಗಡೆ ಸರಿಯಾಯಿತು, ಬಲಗಡೆ ಕೆಟ್ಟಿತು. ನೂರೆಂಟು ಸಲ ತಿದ್ದಿ ಸಾಕಾಗಿ, ಏನಾದರಾಗಲಿ ಎಂದು ಕಾಳುಕಡಿಯ ಅಡತಿ ವ್ಯಾಪಾರಿಯೊಬ್ಬರು ತಲಬಾಗಿಲಿಗೆಂದು ಕೊಟ್ಟಿದ್ದ ಎರಡು ಸಾಗವಾನಿ ಹಲಗೆಗಳಲ್ಲಿ ಒಂದರ ಮೇಲೆ ನಡೆಸಿದೆ. ಹಲಗೆ ಹಾಳಾಯಿತು. ಇನ್ನೊಂದೇ ಉಳಿದಿತ್ತು. ಅದೂ ಕೆಟ್ಟರೆ ಮಷಿನ್ ಗುಜರಿಗೆ, ನಾನು ಉಳಿ ಹಿಡಿಯಲಾರದ ಬಡಿಗ.

ಸುದ್ದಿ ಕೇಳಿ ಕಾಕಾ ಬಸ್ಸು ಹತ್ತಿ ಬಂದರು. ನೀರೂ ಕುಡಿಯದೆ, ಕಟರ್ ತೆಗೆಸಿ ಆ ಜಾಗದಲ್ಲಿ ಪೆನ್ಸಿಲ್ ಕಟ್ಟಿಸಿದರು.

"ಕಟ್ಟಿಗಿ ಯಾಕ ಕೊಲ್ಲಾಕತ್ತಿ? ಕಾಗದದ ಮ್ಯಾಲ ತೆಗಿ. ಕಂಪ್ಯೂಟರಿಗಿ ಏನೇನ್ ಕಲಿಸೀದಿ, ಎಲ್ಲಾ ಅಳಸು."

ಅಳಿಸಿದೆ. ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು ಗೋಲ ತೆಗೆಸಿದರು. ಎಡದ್ದು ಮಾತ್ರ ತತ್ತಿಯಾಯಿತು. ಕಾಕಾ ಬಗ್ಗಿ ಸ್ಕ್ರೂ ಮೇಲೆ ಉಗುರು ಆಡಿಸಿದರು.

"ನಿನಗ ಗೊತ್ತಿತ್ತೇನು?"

"ಇಲ್ರಿ ಕಾಕಾ."

"ಸುಳ್ಳ ಹೇಳಬ್ಯಾಡ." ಅವರು ನೆಲದ ಮೇಲೆ ಕೂತುಬಿಟ್ಟರು. "ನನ್ನ ಕಣ್ಣಿಗಿ ಪೊರಿ ಬಂದು ಎರಡು ವರ್ಷ ಆತು. ಎಲ್ಲಾರೂ ಛಲೋ ಆಗ್ಯದ ಕಾಕಾ ಅಂತಾರ, ಮತ್ತ ಈ ಕಡಿ ಬರಂಗಿಲ್ಲ. ನೀನರ ಹೇಳ್ತಿ ಅಂತ ಮಾಡಿದ್ದೆ."

ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಹಲಗೆಯನ್ನು ಅವರೇ ಬಲಕ್ಕೆ ಸರಿಸಿ, ಸ್ಕ್ರೂ ಸವೆಯದ ಕಡೆಯಷ್ಟೇ ಕೆಲಸ ನಡೆಯುವಂತೆ ಬಿಗಿದರು. ಕೆತ್ತನೆ ಕೂದಲೆಳೆಯಷ್ಟೂ ತಪ್ಪದೆ ಬಂತು. ಕಾಕಾ ವ್ಯಾಪಾರಿಯ ಮುಂದೆ ನಿಂತು, "ಹಲಗಿ ಕೆಡಿಸಿದ್ದು ನಾನ್ರಿ, ಇವನಲ್ಲ" ಎಂದರು. ವ್ಯಾಪಾರಿ ಗೊಣಗುತ್ತಲೇ ಮತ್ತೊಂದು ಹಲಗೆ ಕಳಿಸಿದರು. ನನ್ನ ಮಷಿನ್ ಉಳಿಯಿತು.

ಆಮೇಲೆ ಕಾಕಾ ವಾರಕ್ಕೊಮ್ಮೆ ನನ್ನನ್ನು ಹುಮನಾಬಾದಿಗೆ ಕರೆಸತೊಡಗಿದರು. ತಿರುವಿದ್ದನ್ನೆಲ್ಲ ನನ್ನಿಂದ ಅಳೆಸಿ, "ಈಗ ಹೇಳು" ಎನ್ನುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಸರಿ ಇಲ್ಲದವೇ ಹೆಚ್ಚುತ್ತಾ ಹೋದವು. ಒಂದು ಮಧ್ಯಾಹ್ನ, ಪಂಪಿನ ಅಚ್ಚಿಗೆ ತೊಡಿಸುವ ಬುಷ್ ಎಂಬ ಬಳೆ ಮೂರನೇ ಸಲ ಮಾಡಿದ್ದೂ ಸಡಿಲಾಗಿತ್ತು.

"ಇದೂ ಆಗಿಲ್ರಿ ಕಾಕಾ."

ಅವರು ಸ್ವಿಚ್ ಆರಿಸಿ ಕೈ ಒರೆಸಿಕೊಂಡರು. "ಸಾಕು ಬಿಡು." ಮರುದಿನದಿಂದ ಅಂಗಡಿ ತೆಗೆಯಲಿಲ್ಲ.

ಅದಾದ ಮೇಲೆ ಅವರು ಬದುಕಿದ್ದು ಎರಡೇ ವರ್ಷ. ನಾನು ನೋಡಲು ಹೋದಾಗಲೆಲ್ಲ, ಮನೆಗೆ ಬಂದವರಿಗೆ ನನ್ನನ್ನು ತೋರಿಸಿ, "ನನ್ನ ಅಂಗಡಿ ಮುಚ್ಚಿಸಿದವ ಇವನೇ ನೋಡ್ರಿ" ಎನ್ನುತ್ತಿದ್ದರು. ಅದನ್ನು ಅವರು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೆಂದರೆ, ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.