ಕಾಕಾ ಕೊಂಡ ಮಡಚುವ ಚಾಕು

ನಿನ್ನೆಯಿಂದ ನಾನು ಅಡಿಕೆ ತಿಂದಿಲ್ಲ. ಮನೆಯಲ್ಲಿ ಅಡಿಕೆ ಇದೆ, ಅಡಕೊತ್ತು ಇಲ್ಲ. ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ನಿನ್ನೆ ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ತಲೆದಿಂಬಿನ ಕೆಳಗೆ ಒಂದು ಕಬ್ಬಿಣ ಇರಬೇಕಲ್ಲ, ಗಾಳಿ-ಸೋಕು ಹತ್ತಿರ ಬರಬಾರದೆಂದು? ನನ್ನ ಹೆಂಡತಿ ಅತ್ತ ನೋಡಿದಳು, ಇತ್ತ ನೋಡಿದಳು, ಕೊನೆಗೆ ನನ್ನ ಎಲೆ-ಅಡಿಕೆಯ ಚಂಚಿಗೆ ಕೈಹಾಕಿ ಅಡಕೊತ್ತು ಒಯ್ದು ಅಲ್ಲಿ ಇಟ್ಟುಬಿಟ್ಟಳು. "ಹೆಸರಿಡೂತನಕ ತಡಕೋರಿ," ಎಂದಳು. ಓಣಿಯ ಹೆಂಗಸರೆಲ್ಲ ಬಂದು ಕೂಸಿನ ಮೂಗು ಯಾರ ಮೂಗು ಎಂದು ತೀರ್ಮಾನ ಮಾಡಿ ಹೋದರು. ಪಕ್ಕದ ಮನೆಯ ಶಾಂತವ್ವ ಮಾತ್ರ ತನ್ನ ಬಾಗಿಲಲ್ಲೇ ನಿಂತು, "ಹ್ಯಾಂಗದಾಳ್ರಿ ಬಾಣಂತಿ?" ಎಂದು ಕೇಳಿದಳು. "ಆರಾಮದಾಳವ್ವಾ," ಎಂದೆ. ನನ್ನ ಲಕ್ಷ್ಯವೆಲ್ಲ ಅಡಕೊತ್ತಿನ ಮೇಲಿತ್ತು.

ಇವತ್ತು ಬೆಳಿಗ್ಗೆ ಬಾಣಂತಿಗೆಂದು ಅಜವಾನ, ಅಳವಿ, ಒಣಕೊಬ್ಬರಿ ತರಲು ಸವದತ್ತಿಯ ಪೇಟೆಗೆ ಹೋದೆ. ಅಂಗಡಿಯ ಬಾಗಿಲಲ್ಲಿ ಒಂದು ರಟ್ಟಿಗೆ ಮಡಚುವ ಚಾಕುಗಳನ್ನು ಸಾಲಾಗಿ ಕಟ್ಟಿ ತೂಗುಬಿಟ್ಟಿದ್ದರು. ಅಡಿಕೆ ಹೋಳು ಮಾಡಲು ಆದೀತು ಎಂದು ಒಂದನ್ನು ಬಿಚ್ಚಿ ನೋಡಿದೆ. ಅಂಗಡಿಯವ ಪ್ರಾಮಾಣಿಕ ಮನುಷ್ಯ. "ಅದನ್ನ ತಗೋಬ್ಯಾಡ್ರಿ ಮಾಸ್ತರ. ಅಗ್ಗದ ಮಾಲು. ಹರಿತ ಇಲ್ಲ, ಅಡಿಕಿ ಅಂತೂ ದೂರ ಉಳೀತು, ಬಾಳಿಹಣ್ಣ ಕೊಯ್ದರ ಪುಣ್ಯಾ," ಎಂದ. ಒಂದು ಕೈಯಲ್ಲಿ ಅಜವಾನದ ಪೊಟ್ಟಣ, ಇನ್ನೊಂದು ಕೈಯಲ್ಲಿ ಆ ಕೊಯ್ಯದ ಚಾಕು. ಅಜವಾನದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸವದತ್ತಿಯಲ್ಲಿ ಇರಲಿಲ್ಲ. ಬೈಲಹೊಂಗಲದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ, ಒಳಗಿನಿಂದ ಕಾಕಾ ಕೂಗುತ್ತಿದ್ದ: "ನನ್ನ ಚಾಕು ಎಲ್ಲೈತಿ?"

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೊಲ ನೋಡಿಕೊಂಡಿದ್ದ. ಕಾಕಾ ನಾಲ್ಕು ಅಕ್ಷರ ಕಲಿತವನು, ಅರಳೆ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಗುಮಾಸ್ತ. ಬರೆಯುವುದು ಬೋರಿನಿಂದ, ಅಂದರೆ ಜೊಂಡಿನ ಲೇಖಣಿಯಿಂದ. ಅದರ ತುದಿಯನ್ನು ಆಗಾಗ ಹೆರೆಯಬೇಕು. ಅದಕ್ಕೆಂದು ಸಂತೆಯಲ್ಲಿ ಚಾಕು ಮಾರುತ್ತ ಬಂದವನ ಹತ್ತಿರ ಒಂದು ಮಡಚುವ ಚಾಕು ಕೊಂಡು ತಂದ. ಕೋಡಿನ ಹಿಡಿಕೆ, ಒಂದೇ ಅಲಗು. ಅಪ್ಪ ಅದನ್ನು ತಿರುವಿ ಮುರುವಿ ನೋಡಿ, "ಅಗ್ಗದ ಆಸೆಗೆ ಮುಗ್ಗಲ ಜ್ವಾಳಾ ತಂದಂಗ ಆತು," ಎಂದನಂತೆ. ಕಾಕಾನಿಗೆ ಸಿಟ್ಟು ಬಂತು. ಎಲ್ಲರೆದುರು ಕುಳಿತು ಒಂದು ಬೋರು ಹೆರೆಯಲು ಸುರು ಮಾಡಿದ. ಅರ್ಧ ಹೆರೆಯುವುದರಲ್ಲಿ ನಾನು ಹುಟ್ಟಿದೆ.

ಇದೆಲ್ಲ ನಾನು ಕಂಡದ್ದಲ್ಲ ಎಂದು ನೀವು ಹೇಳಬಹುದು. ಖರೆ. ಆದರೆ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಅಲ್ಲಿ ನಿಂತು ನನ್ನ ಹುಟ್ಟನ್ನು ನೋಡಿದ ಹಾಗೆ ನೆನಪಿದೆ. ಸುಗ್ಗಿಯ ದಿನಗಳು. ಮನೆಯ ಕುಡಗೋಲುಗಳೆಲ್ಲ ಹೊಲಕ್ಕೆ ಹೋಗಿದ್ದವು. ಸೂಲಗಿತ್ತಿ ಒಳಗಿನಿಂದ, "ಏನರ ಕಬ್ಬಣಾ ಕೊಡ್ರಿ, ಲಗೂನ," ಎಂದಳು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಹೊರಗೆ ಬಂದು ಗಂಡನ ಕೈ ನೋಡಿದಳು. ಚಾಕು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಮನಸ್ಸು ಮುರಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. "ಕೆಳಗ ಇಡ್ರಿ," ಎಂದಳು. ಕಾಕಾ ನೆಲದ ಮೇಲಿಟ್ಟ. ಅವಳು ಎತ್ತಿಕೊಂಡು ಮಡಚಿ ಒಳಗೆ ಒಯ್ದಳು. ಅಂದಿನಿಂದ ಆ ಚಾಕು ಕಾಕಾನ ಪಾಲಿಗೆ ಇಲ್ಲವಾಯಿತು.

ಯಾಕೆಂದರೆ ನಾನು ಬೊಗಸೆಯಲ್ಲಿ ಹಿಡಿಯುವಷ್ಟೇ ಇದ್ದೆನಂತೆ. ಬದುಕುವ ಲಕ್ಷಣ ಇರಲಿಲ್ಲ. ಹೆಸರಿಟ್ಟ ಮೇಲೂ ಚಾಕು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಆಡಿನ ಹಾಲು, ಬಜೆ, ಅವ್ವನ ಹರಕೆ ಎಲ್ಲ ಸೇರಿ ನಾನು ಉಳಿದುಕೊಂಡೆ. ಹೆಸರು ಬಂದದ್ದು ಚಾಕುವಿಗೆ. ನಾನು ಸಾಲೆಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಕಾಕಾ ಹೇಳುತ್ತಿದ್ದ: "ಇವನ ಬುದ್ಧಿ ಆ ಚಾಕೂನಂಗ ಐತಿ. ಮಡಚಿದ್ದು ತೆರಿಯಂಗಿಲ್ಲ, ತೆರದರ ಕೊಯ್ಯಂಗಿಲ್ಲ." ಬುದ್ಧಿಯ ವಿಷಯ ಇರಲಿ, ಚಾಕುವಿನ ವಿಷಯದಲ್ಲಿ ಅವನ ಮಾತು ನಿಜ. ಅದರ ಅಲಗು ತೆರೆಯಬೇಕಾದರೆ ಉಗುರು ಮುರಿಯುತ್ತಿತ್ತು. ಬಾಣಂತಿಯ ದಿಂಬಿನ ಕೆಳಗೆ ಇರಬೇಕಾದದ್ದು ಅಂಥದೇ ಅಲ್ಲವೇ? ಕುಡಗೋಲು ಇಟ್ಟರೆ ಮಗ್ಗುಲಾದರೆ ಚುಚ್ಚುತ್ತದೆ. ಇದು ಅಂಗೈಯಷ್ಟಿದೆ, ಬಾಯಿ ಮುಚ್ಚಿಕೊಂಡಿರುತ್ತದೆ, ಕಬ್ಬಿಣ ಮಾತ್ರ ಕಬ್ಬಿಣವೇ.

ಮೊದಲು ಎದುರು ಮನೆಯವರು ಕೇಳಿದರು. ಆಮೇಲೆ ಬಾವಿಯ ಓಣಿಯವರು. ಹೆಣ್ಣುಮಕ್ಕಳು ಕಿತ್ತೂರಿನಿಂದ, ಸಂಗೊಳ್ಳಿಯಿಂದ, ಎಲ್ಲೆಲ್ಲಿಂದಲೋ ಬಾಣಂತನಕ್ಕೆ ತವರಿಗೆ ಬರುತ್ತಿದ್ದರು. ಚಾಕುವಿಗೆ ಬಿಡುವಿಲ್ಲ. ಚಿಗವ್ವ ಒಂದೇ ಒಂದು ಕರಾರು ಹಾಕಿದ್ದಳು: "ಮನಿ ಜಿನಸು ಮನಿಯವರ ಕೈಯಾಗ ಹೋಗಬೇಕು. ನಾನ ತರತೇನಿ, ನಾನ ತಿರಗಿ ಒಯ್ಯತೇನಿ."

ಆ ಕರಾರಿನ ಅರ್ಥ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಚಿಗವ್ವನಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳ ಕಣ್ಣು ಹಸುಗೂಸಿನ ಮೇಲೆ ಬೀಳಬಾರದು ಎನ್ನುವ ಜನ ಅವರು. ಬಾಯಿಬಿಟ್ಟು ಬೈಯುತ್ತಿರಲಿಲ್ಲ, ತೊಟ್ಟಿಲಿಗೆ ಹಾಕುವ ದಿನ ಓಣಿಯನ್ನೆಲ್ಲ ಕರೆಯುವವರು ನಮ್ಮ ಮನೆಯ ಮುಂದೆ ಬಂದಾಗ ಅವ್ವನೊಬ್ಬಳ ಹೆಸರು ಹಿಡಿದು ಕರೆದು ಹೋಗುತ್ತಿದ್ದರು, ಅಷ್ಟೇ. ಚಾಕು ಬಂದ ಮೇಲೆ ಹಾಗೆ ಮಾಡಲು ಬರಲಿಲ್ಲ. ಚಾಕು ಬೇಕು, ಚಾಕು ಚಿಗವ್ವನ ಜೊತೆಗೇ ಬರುತ್ತದೆ. ಅವಳು ಕಾಲು ತೊಳೆದುಕೊಂಡು ಒಳಗೆ ಹೋಗುವಳು, ದಿಂಬು ಎತ್ತಿ ಚಾಕು ಇಡುವಳು, ಹಾಗೇ ಕುಳಿತುಬಿಡುವಳು. ಕುಳಿತವಳ ಮಡಿಲಿಗೆ ಯಾರಾದರೂ, "ಹಾಸಿಗಿ ಝಾಡಿಸತೇನಿ, ಇದನ್ನಷ್ಟ ಹಿಡಕೋ ಯವ್ವಾ," ಎಂದು ಕೂಸನ್ನು ಹಾಕುವರು. ಹಾಸಿಗೆ ಝಾಡಿಸಿ ಆದಮೇಲೂ ಕೂಸು ಅಲ್ಲೇ ಇರುತ್ತಿತ್ತು. ಮನೆಗೆ ಬಂದಾಗ ಅವಳ ಸೆರಗಿಗೆಲ್ಲ ಅಜವಾನದ ಹೊಗೆಯ ವಾಸನೆ. ನನಗೆ ಆ ವಾಸನೆ ಬಹಳ ಇಷ್ಟ.

"ನನ್ನ ಚಾಕು ಎಲ್ಲೈತಿ?" ಎಂದು ಕಾಕಾ ಕೇಳುವನು. "ಹುಟ್ಟಿದವರ ಮನಿಯಾಗ ಐತಿ," ಎಂದು ಅವಳು ಹೇಳುವಳು. ಬೋರು ಹೆರೆಯಲು ಕಾಕಾ ಕೊನೆಯವರೆಗೂ ಪಕ್ಕದ ಗುಮಾಸ್ತನ ಚಾಕು ಬೇಡುತ್ತಿದ್ದ.

ನನಗೆ ಏಳೆಂಟು ವರ್ಷ ಇರಬೇಕು, ಆಗ ಊರಲ್ಲಿ ಇಲಿ ಸತ್ತು ಬೀಳತೊಡಗಿದವು. ಪ್ಲೇಗು ಎಂದರೆ ಈಗಿನವರಿಗೆ ಬರೀ ಮಾತು. ಊರಿಗೆ ಊರೇ ಬೀಗ ಹಾಕಿಕೊಂಡು ಹೊಲಗಳಿಗೆ ಹೋಗಿ ಗುಡಿಸಲು ಕಟ್ಟಿಕೊಂಡಿತು. ಜೋಳದ ದಂಟಿನ ಗೋಡೆ, ಮೇಲೊಂದು ಚಾಪೆ. ನಮ್ಮಂಥ ಹುಡುಗರಿಗೆ ಅದೊಂದು ಹಬ್ಬ. ದೊಡ್ಡವರು ಯಾಕೆ ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಕಂಕುಳು ಮುಟ್ಟಿ ನೋಡುತ್ತಾರೆಂಬುದು ಮಾತ್ರ ಗೊತ್ತಿರಲಿಲ್ಲ. ಪ್ಲೇಗಿನ ಗಡ್ಡೆ ಏಳುವುದು ಅಲ್ಲಿ. ನಮ್ಮ ಗುಡಿಸಲಿಗೆ ಹತ್ತಿಯೇ ಗೌಡರ ಮನೆಯವರ ಗುಡಿಸಲು. ಊರಲ್ಲಿ ಅವರ ವಾಡೆಯ ಒಳಗೆ ಏನು ನಡೆಯುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅವರು ಗಡಿಗೆ ತಳ ಕೆರೆದರೂ ನಮಗೆ ಕೇಳುತ್ತಿತ್ತು.

ಗೌಡರ ಮನೆಯ ಹಿರಿಯಳನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಅವಳ ಸೊಸೆ ಗಂಗವ್ವ ರಾಮದುರ್ಗದವಳು, ಬಸುರಿ. ಚೊಚ್ಚಲು ಬಾಣಂತನ ತವರಿನಲ್ಲಿ ಆಗಬೇಕು, ಆದರೆ ಆ ವರ್ಷ ದಾರಿಯ ಊರುಗಳಲ್ಲೆಲ್ಲ ಪ್ಲೇಗು, ಹೋಗುವ ಹಾಗಿರಲಿಲ್ಲ. ಆ ದಂಟಿನ ಗುಡಿಸಲಲ್ಲೇ ಹಡೆದಳು. ಸೂಲಗಿತ್ತಿ ಎಂದಿನಂತೆ, "ಬಾಜೂಕ ಅದಾಳಲ್ರಿ, ಅಕಿ ಚಾಕು ತರಸ್ರಿ," ಎಂದಳು. ದೊಡ್ಡವ್ವ ಹೇಳಿದ್ದು ನಮ್ಮ ಗುಡಿಸಲಲ್ಲಿ ಎಲ್ಲರಿಗೂ ಕೇಳಿತು: "ನಮ್ಮ ಮನಿಯಾಗ ಕಬ್ಬಣಕ್ಕ ಬರ ಬಂದಿಲ್ಲ. ಅಕಿ ಕಣ್ಣ ನನ್ನ ಮೊಮ್ಮಗನ ಮ್ಯಾಲ ಬೀಳೂದು ಬ್ಯಾಡ."

ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸುರುವಾಯಿತು.

ಗೌಡರ ಮನೆಯಲ್ಲಿ ಒಂದು ವಿಲಾಯತಿ ಚಾಕು ಇತ್ತು. ಎರಡು ಅಲಗು, ಕನ್ನಡಿಯ ಹಾಗೆ ಮುಖ ಕಾಣುವಂಥದು. ಮಡಚಿದ ಚಾಕುವಿಗೆ ಯಾವ ಗಾಳಿಯೂ ಅಂಜುವುದಿಲ್ಲ ಎಂದು ದೊಡ್ಡವ್ವ ಅದನ್ನು ತೆರೆದೇ ಇಟ್ಟಳು. ಚಾಕು ದಿಂಬಿನ ಒಂದು ಮಗ್ಗುಲನ್ನು ಸೀಳಿ, ಗಂಗವ್ವನ ಬೆರಳಿಗೂ ತಾಗಿತು. ಪಾಪ, ಚೊಚ್ಚಲ ಬಾಣಂತಿ, ಹದಿನಾರು ಹದಿನೇಳರ ಹುಡುಗಿ. ಕೂಸು ಎಲ್ಲಿ ಹೊರಳಿ ಅದರ ಮೇಲೆ ಬೀಳುತ್ತದೋ ಎಂದು ಕಣ್ಣು ಮುಚ್ಚದೆ ಕುಳಿತಳು. ನಿದ್ದೆ ಇಲ್ಲ, ಎದೆಯಲ್ಲಿ ಹಾಲೂ ಬರಲಿಲ್ಲ. ಕೂಸು ಅತ್ತೇ ಅತ್ತಿತು. ಆ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಯಿತು. ಕೇಳುತ್ತ ಕುಳಿತ ನಮ್ಮವ್ವ, "ಈ ಕೂಸು ಉಳಿಯಂಗಿಲ್ಲ," ಎಂದು ಮೆಲ್ಲಗೆ ಹೇಳಿದಳು.

ಒಂದು ಮಧ್ಯಾಹ್ನ ದಂಟಿನ ಗೋಡೆಯ ಆಚೆಯಿಂದ ಗಂಗವ್ವನ ದನಿ ಬಂತು. "ಯಕ್ಕಾರ, ನಿಮ್ಮ ಚಾಕು ಕೊಡ್ರಿ. ನಾ ಒಂದೀಟ ಮಲಗಬೇಕ್ರಿ." ಆಮೇಲೆ ಅತ್ತೆ ಸೊಸೆಯ ಗುಸುಗುಸು, ಸೊಸೆಯ ಅಳು. ಕೊನೆಗೆ ದೊಡ್ಡವ್ವ ಗಂಟಲು ಸರಿಪಡಿಸಿಕೊಂಡು ಕೂಗಿ ಹೇಳಿದಳು: "ತಗೊಂಡ ಬಾರವಾ. ಹೊಸ್ತಿಲದ ಹೊರಗ ಇಟ್ಟ ಹೋಗು. ನಾವ ತಗೋತೇವಿ."

ಚಿಗವ್ವ ಹಿಟ್ಟಿನ ಕೈ ತೊಳೆದಳು, ಕಾಲು ತೊಳೆದಳು. ಚಾಕುವನ್ನು ಸೆರಗಿನಲ್ಲಿ ಹಿಡಿದು ನಡೆದಳು. ನಾನು ಹಿಂದೆ ಹೋಗಿ ನಿಂತೆ. ಗುಡಿಸಲ ಬಾಯಲ್ಲಿ ನಿಂತು ಅವಳು ಕೆಳಗೆ ನೋಡಿದಳು. ಇಡಲು ಜಾಗ ಹುಡುಕುತ್ತಿದ್ದಾಳೆ ಎಂದೇ ನಾನು ತಿಳಿದೆ.

"ಹೊಸ್ತಿಲಾ ಎಲ್ಲೈತ್ರಿ ದೊಡ್ಡವ್ವಾರ?" ಎಂದಳು.

ಚುಚ್ಚಬೇಕೆಂದು ಕೇಳಿದ ಮಾತಲ್ಲ ಅದು, ಈಗಲೂ ಆ ದನಿ ನನ್ನ ಕಿವಿಯಲ್ಲಿದೆ. ದೊಡ್ಡವ್ವನೂ ಕೆಳಗೆ ನೋಡಿದಳು. ಗುಡಿಸಲಿಗೆ ಎಲ್ಲಿಯ ಹೊಸ್ತಿಲು? ಒಳಗೂ ಅದೇ ಎರೆಮಣ್ಣು, ಹೊರಗೂ ಅದೇ ಎರೆಮಣ್ಣು. ಚಿಗವ್ವ ಒಂದು ಕ್ಷಣ ಕಾದು, ತಲೆ ಬಗ್ಗಿಸಿ ಒಳಗೆ ಹೋದಳು. ವಿಲಾಯತಿ ಚಾಕು ತೆಗೆದು ಮಡಚಿ ಒಂದು ಬದಿಗಿಟ್ಟಳು, ತನ್ನ ಚಾಕುವನ್ನು ದಿಂಬಿನ ಕೆಳಗೆ ಸರಿಸಿದಳು. ಗಂಗವ್ವ ಯಾರನ್ನೂ ಕೇಳದೆ ಕೂಸನ್ನು ಅವಳ ಮಡಿಲಿಗೆ ಹಾಕಿ, ಅಲ್ಲೇ ಹೊರಳಿ ನಿದ್ದೆಹೋದಳು.

ದನಗಳು ಮರಳುವವರೆಗೂ ಅವಳು ಮಲಗಿದ್ದಳು. ಅಷ್ಟು ಹೊತ್ತೂ ಚಿಗವ್ವ ಕೂಸಿನ ಬಾಯಿಗೆ ಆಡಿನ ಹಾಲಿನ ಬತ್ತಿ ಹಿಡಿದು, ಕಾಲು ಜೋಮು ಹಿಡಿದರೂ ಅಲುಗದೆ ಕುಳಿತಿದ್ದಳು. ಸಂಜೆ ದೊಡ್ಡವ್ವ ಬಾಣಂತಿಗೆಂದು ಮಾಡಿದ ಅಳವಿಯ ಪಾಯಸವನ್ನು ಎರಡು ಬಟ್ಟಲಿಗೆ ಹಾಕಿದಳು. ಒಂದನ್ನು ಚಿಗವ್ವನ ಮುಂದೆ ಇಟ್ಟು, "ಕುಡೀವಾ, ಆರಿ ಹೊಕ್ಕೈತಿ," ಎಂದಳು. ಕೂಸು ಉಳಿಯಿತು. ಆ ಕೂಸಿಗೆ ಈಗ ಮೊಮ್ಮಕ್ಕಳನ್ನು ಕಾಣುವ ಆಸೆ ಬಂದಿದೆ ಎಂದು ಮೊನ್ನೆ ಯಾರೋ ಹೇಳಿದರು.

ದೊಡ್ಡವನಾದ ಮೇಲೆ ನಾನೊಮ್ಮೆ ಕಾಕಾನನ್ನು ಕೇಳಿದೆ: "ಇನ್ನೊಂದು ಚಾಕು ಯಾಕ ತಗೊಳ್ಳಿಲ್ಲ?" ಅವನು ಎಲೆಗೆ ಸುಣ್ಣ ಹಚ್ಚುತ್ತ, "ಇನ್ನೊಂದ ತಂದಿದ್ದರ ಅದೂ ಹೋಗತಿತ್ತು," ಎಂದು ನಕ್ಕ. ಎಲೆ ಮಡಚುತ್ತ, "ಚಾಕು ಕೊಟ್ಟ ಬಂದ ದಿನಾ ಅಕಿ ಹೊಟ್ಟಿ ತುಂಬ ಉಣ್ಣತಿದ್ಲಪಾ," ಎಂದ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಚಿಗವ್ವ ಸಂಗೊಳ್ಳಿಯ ಒಂದು ಮನೆಗೆ ಚಾಕು ಒಯ್ದು ಕೊಟ್ಟು ಬಂದವಳು ಜ್ವರದಿಂದ ಮಲಗಿದಳು, ಏಳಲಿಲ್ಲ. ಸುದ್ದಿ ತಿಳಿದು ನಾನು ಊರಿಗೆ ಬಂದೆ. ಮಣ್ಣಿಗೆ ಒಯ್ಯುವ ಮೊದಲು ಹೆಂಗಸರಲ್ಲಿ ಯಾರೋ, ಆ ಚಾಕು ಅವಳ ಜೊತೆಗೇ ಹೋಗಲಿ, ಸಂಗೊಳ್ಳಿಗೆ ಆಳು ಕಳಿಸಿ ಎಂದರು. ಕಾಕಾ ತಲೆ ಅಲ್ಲಾಡಿಸಿದ. "ಬ್ಯಾಡ. ಆ ಕೂಸಿಗಿನ್ನೂ ಹೆಸರಿಟ್ಟಿಲ್ಲ. ಇರಲಿ ಅಲ್ಲೇ." ಇಷ್ಟು ಹೇಳಿ ಗೋಡೆಗೆ ಮುಖ ಮಾಡಿ ಅತ್ತ. ಕಾಕಾ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚಾಕು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವನೂ ಮತ್ತೆಂದೂ ಅದನ್ನು ಕೇಳಲಿಲ್ಲ.

"ಏನ ಮಾಡೂರಿ ಮಾಸ್ತರ?" ಎಂದು ಅಂಗಡಿಯವ ಎರಡನೆಯ ಸಲ ಕೇಳಿದಾಗ ನಾನು ಮತ್ತೆ ಸವದತ್ತಿಗೆ ಬಂದೆ. ಕೊಳ್ಳುತ್ತೇನೆಂದೆ. ಅವನು ಕೈಗೆ ಕೊಡಲು ಬಂದ. ಹಲಗೆಯ ಮೇಲೆ ಇಡು ಎಂದೆ. ಮುದುಕನಿಗೆ ಅರಳುಮರುಳು ಎಂದುಕೊಂಡಿರಬೇಕು, ಇಟ್ಟ.

ಮನೆಯ ಹತ್ತಿರ ಬಂದಾಗ ಶಾಂತವ್ವ ತನ್ನ ಕಟ್ಟೆಯ ಮೇಲೆ ಕುಳಿತು ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳ ಮನೆಯಲ್ಲಿ ತೊಟ್ಟಿಲು ಕಟ್ಟಿಲ್ಲ. ದಿನಕ್ಕೆ ಮೂರು ಸಲ ಹೆಪ್ಪು, ಉಪ್ಪು ಎಂದು ನಮ್ಮ ಅಡಿಗೆಮನೆಗೆ ಬಂದು ಹೋಗುವವಳು ನಿನ್ನೆಯಿಂದ ನಮ್ಮ ಮೆಟ್ಟಿಲು ಹತ್ತಿಲ್ಲ. ಅವಳನ್ನು ಯಾರೂ ಬೇಡವೆಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ.

ಚಾಕುವನ್ನು ಅವಳ ಕಟ್ಟೆಯ ಮೇಲಿಟ್ಟೆ. "ಶಾಂತವ್ವಾ, ಈ ಚಾಕು ಇನ್ನ ಮುಂದ ನಿಂದು. ಬಾಣಂತಿ ದಿಂಬಿನ ತೆಳಗ ಇಡಬೇಕು. ಒಯ್ದ ಇಡ ಬಾ."

ಅವಳು ಚಾಕು ನೋಡಿದಳು, ನನ್ನನ್ನು ನೋಡಿದಳು. "ಚಾಕು ನೀವ ತಂದೀರಿ, ಕೂಸು ನಿಮ್ಮದು. ನಡುವ ನಾ ಯಾಕ್ರಿ?"

"ನನ್ನ ಅಡಕೊತ್ತು ಅಲ್ಲಿ ಸಿಕ್ಕಬಿದ್ದೈತವಾ. ಇದನ್ನಿಟ್ಟು ಅದನ್ನ ಬಿಡಿಸಿಕೊಂಡ ಬರಬೇಕು. ನಾ ಹೋದರ ಹೊರಗ ಹಾಕತಾರ."

ಅವಳು ನಗಲಿಲ್ಲ. ಪಲ್ಲೆಯ ಬುಟ್ಟಿ ಸರಿಸಿ ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದಳು, ಚಾಕು ಎತ್ತಿಕೊಂಡಳು. ನಮ್ಮ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳು ಏನೋ ಹೇಳಲು ಬಾಯಿ ತೆರೆದಳು. ಶಾಂತವ್ವನ ಮುಖ ನೋಡಿದವಳು, "ಬಾ," ಎಂದಷ್ಟೇ ಹೇಳಿ ಸರಿದು ನಿಂತಳು. ನಮ್ಮ ಮನೆಗೆ ಹೊಸ್ತಿಲಿದೆ, ದಪ್ಪ ಸಾಗವಾನಿಯದು. ಅದರ ಮುಂದೆ ಶಾಂತವ್ವ ಒಂದು ಗಳಿಗೆ ನಿಂತಳು, ಆಮೇಲೆ ಬಲಗಾಲು ಎತ್ತಿ ಒಳಗಿಟ್ಟಳು.

ನಾನು ಅವಳ ಪಲ್ಲೆಯ ಬುಟ್ಟಿಗೆ ಕಾವಲಾಗಿ ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಇಳಿಯಿತು. ಒಳಗೆ ಕೂಸು ಅತ್ತಿತು, ಸುಮ್ಮನಾಯಿತು. ಇದನ್ನು ಬರೆಯುವಾಗಲೂ ಶಾಂತವ್ವ ಹೊರಗೆ ಬಂದಿಲ್ಲ, ನನ್ನ ಅಡಕೊತ್ತೂ ಬಂದಿಲ್ಲ. ನಾನು ಕೇಳಲು ಹೋಗಿಲ್ಲ.