ನಿಂಬೆವ್ವ ಜೇವರ್ಗಿ ದವಾಖಾನೆಗೆ ಹೋದದ್ದು

ಎಂಬತ್ತಾರರ ಬೇಸಿಗೆ. ನರೋಣಾದ ನಿಂಬೆವ್ವ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಎತ್ತಿನ ವ್ಯಾಪಾರಕ್ಕೆ ಜೇವರ್ಗಿ ಕಡೆ ಹೋಗಿದ್ದ ಲಾಡ್ಲೆಸಾಬ ಬಸ್ಸಿಳಿದವನೇ ನೇರ ಅವಳ ಮನೆಗೆ ಬಂದ.

“ಗಾಬರಿ ಆಗಬ್ಯಾಡ ನಿಂಬೆವ್ವ. ನಿನ್ನ ಮಗಳು ಬಿದ್ದು ಕೈ ಮುರ್ಕೊಂಡಾಳ. ಜೇವರ್ಗಿ ಸರ್ಕಾರಿ ದವಾಖಾನಿಗಿ ಒಯ್ದಾರ.”

ನಿಂಬೆವ್ವ ಮೊರ ಕೆಳಗಿಟ್ಟಳು. ಬಿದ್ದು ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಚಂದ್ರಾಮ ಕುಡಿದು ಬಂದು ಬಡಿಗೆ ಎತ್ತಿದ್ದ. ತಲೆಗೆ ಬೀಳುವ ಏಟಿಗೆ ಅವಳು ಎಡಗೈ ಅಡ್ಡ ಹಿಡಿದಿದ್ದಳು. ಬಿದಿರು ದಬ್ಬೆ ಇಟ್ಟು ಕೈ ಕಟ್ಟಿದವನಿಗೂ, ನೋಡಲು ಬಂದ ತವರಿನವರಿಗೂ ಏಣಿ ಮೇಲಿಂದ ಬಿದ್ದೆ ಎಂದೇ ಹೇಳಿದ್ದಳು. ಮಗಳು ಬಾಳಮ್ಮ ಇನ್ನೂ ತೆವಳುತ್ತಿದ್ದಾಗ ಚಂದ್ರಾಮ ಕಾಮಾಲೆಯಾಗಿ ಸತ್ತ. ಸತ್ತವನ ಸುದ್ದಿ ಯಾಕೆಂದು ಆಮೇಲೂ ಸುಮ್ಮನಿದ್ದಳು. ಕೂಲಿ ಮಾಡಿ ಮಗಳನ್ನು ಬೆಳೆಸಿದಳು. ಮಾಳಿಂಗಪ್ಪನಿಗೆ ಮದುವೆ ಮಾಡಿ ಕೊಡುವ ಮುಂಚೆ ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ಅವನ ಊರಿಗೇ ಹೋಗಿ ವಿಚಾರಿಸಿ ಬಂದಿದ್ದಳು.

ಕಲಬುರ್ಗಿಯಲ್ಲಿ ಬಸ್ ಬದಲಿಸುವಾಗ ಬಾಯಿಗೆ ನೀರು ಕೂಡ ಹಾಕಲಿಲ್ಲ. ಭೀಮಾ ಹೊಳೆಯ ಸೇತುವೆ ದಾಟುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು. ಮಗಳನ್ನು ಕರೆದುಕೊಂಡೇ ಊರಿಗೆ ಹೋಗುವುದು. ಮಂದಿ ಏನಾದರೂ ಆಡಿಕೊಳ್ಳಲಿ.

ದವಾಖಾನೆಯ ಪಡಸಾಲೆಯಲ್ಲಿ ಮಾಳಿಂಗಪ್ಪ ಎದ್ದು ನಿಂತು, “ಬರ್ರಿ ಅತ್ತಿ, ಬಿಸಲಾಗ ಬಂದೀರಿ” ಎಂದ. ನಿಂಬೆವ್ವ ಅವನತ್ತ ನೋಡದೆ ಒಳಗೆ ಹೋದಳು.

ಬಾಳಮ್ಮ ಬೆಂಚಿನ ಮೇಲೆ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟರ್ ಜಹೀರುದ್ದೀನ ಎಕ್ಸರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಸಾಹೇಬ್ರ, ಆಕಿ ಬಿದ್ದಿಲ್ಲರಿ. ಬಡದಾರ. ಖರೇ ಹೇಳಾಕ ಅಂಜಾಕತ್ತಾಳ” ಎಂದಳು ನಿಂಬೆವ್ವ.

“ಯವ್ವಾ!” ಎಂದಳು ಬಾಳಮ್ಮ.

ಡಾಕ್ಟರು ಸಿಟ್ಟಾಗಲಿಲ್ಲ. ಹತ್ತಿರ ಕರೆದು ಹಾಳೆ ತೋರಿಸಿದರು. “ನೋಡ್ರಿ ಅವ್ವಾ, ಮುರದದ್ದು ಮಣಿಕಟ್ಟಿನ ಹತ್ರ. ಬೀಳೋ ಮನುಷಾ ತನಗ ಗೊತ್ತಿಲ್ಲದಂಗ ಅಂಗೈ ಊರ್ತಾನ. ಪೂರಾ ಭಾರ ಅಲ್ಲಿ ಬಿದ್ದು, ಎಲುಬು ಹಿಂದಕ್ಕ ಬಾಗತದ. ಬಂಡಿ ಮ್ಯಾಲಿಂದ, ಬಣವಿ ಮ್ಯಾಲಿಂದ ಬಿದ್ದವರು ದಿನಾ ಹಿಂಗೇ ಬರ್ತಾರ. ಗಿಡದ ಮ್ಯಾಲಿಂದ ಬಿದ್ದ ಹುಡುಗರದು ಮೊಣಕೈ, ಜಾರಿಬಿದ್ದ ಮುದುಕರದು ತೊಡಿ ಎಲುಬು.”

“ಬಡಗೀಲೆ ಬಡದ್ರ?”

“ಅಡ್ಡ ಹಿಡದ ಕೈಯಾಗ ಹೆಚ್ಚಾಗಿ ಇಲ್ಲಿ ಮುರೀತದ.” ಅವರು ತಮ್ಮ ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕಿರುಬೆರಳಿನ ಕಡೆ, ಬೆರಳಿಟ್ಟು ತೋರಿಸಿದರು.

ನಿಂಬೆವ್ವ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. ಡಾಕ್ಟರ ಕಣ್ಣು ಒಂದು ಗಳಿಗೆ ಅಲ್ಲಿಯೇ ನಿಂತಿತು.

“ದಬ್ಬಿದ್ರೂ ಅಂಗೈ ಮ್ಯಾಲೇ ಬೀಳತಾರಲ್ರಿ?” ಎಂದಳು ನಿಂಬೆವ್ವ.

“ಅದು ಹೌದು. ದಬ್ಬಿದ್ರೋ ಜಾರಿದ್ರೋ ಎಲುಬು ಹೇಳಂಗಿಲ್ಲ. ಮಗಳನ್ನೇ ಕೇಳ್ರಿ. ನಾ ಪ್ಲಾಸ್ಟರ್ ಪಟ್ಟಿ ನೆನಸಾಕ ಹೇಳಿ ಬರ್ತೇನಿ.” ಅವರು ಬಾಗಿಲು ಮುಂದಕ್ಕೆ ಎಳೆದು ಹೋದರು.

ಬಾಳಮ್ಮ ತಾಯಿಯ ಮುಖವನ್ನೇ ನೋಡುತ್ತಿದ್ದಳು. “ಎತ್ತಿನ ಮೇವಿಗಿ ಕಣಕಿ ಹಿರಿಲಾಕ ಬಣವಿ ಏರಿದ್ದೆ, ಯವ್ವಾ. ಕಾಲು ಜಾರ್ತು. ಅವರು ಹೊಲದಾಗ ಇದ್ರು. ಬಾಜು ಮನಿ ಚಾಂದಬೀ ನೋಡ್ಯಾಳ, ಆಕಿನ್ನ ಬೇಕಾದ್ರ ಕೇಳು. ಅವರು ಒಂದಿನಾನೂ ನನ್ನ ಮ್ಯಾಲ ಕೈ ಎತ್ತಿಲ್ಲ. ನೀ ಯಾಕ ಹಂಗ ತಿಳಕೊಂಡಿ?”

ನಿಂಬೆವ್ವ ಸೆರಗು ಸರಿಸಿ ಎಡಗೈ ಮುಂದೆ ಚಾಚಿದಳು. ಡಾಕ್ಟರು ತೋರಿಸಿದ್ದ ಜಾಗದಲ್ಲೇ ಎಲುಬು ಗಂಟುಕಟ್ಟಿ ಕೂಡಿಕೊಂಡಿತ್ತು.

“ಏಣಿ ಅಂತ ಹೇಳಿದ್ದೆನಲ್ಲ, ಸುಳ್ಳು. ನಿಮ್ಮಪ್ಪ ಬಡದದ್ದು.”

ಬಾಳಮ್ಮ ಎಡಗೈಯಿಂದ ಆ ಗಂಟನ್ನು ಮುಟ್ಟಿ ನೋಡಿದಳು. ಆಮೇಲೆ, “ಇದನ್ನ ಒಬ್ಬಾಕೀನೇ ಇಷ್ಟು ವರ್ಷ ಮನಸಿನಾಗ ಇಟಗೊಂಡಿದ್ದಿಯೇನು?” ಎಂದಳು. ನಿಂಬೆವ್ವನಿಗೆ ಅಳು ಬಂತು. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಎದೆ ಹಗುರಾಗಿ, ಹೊಟ್ಟೆ ಹಸಿದಿದೆ ಎಂಬುದು ಆಗಷ್ಟೇ ಗೊತ್ತಾಯಿತು.

ಪಟ್ಟಿ ಹಾಕಿಸಿಕೊಂಡು ಹೊರಗೆ ಬಂದಾಗ ಮಾಳಿಂಗಪ್ಪ ಚಹಾ ಹಿಡಿದು ನಿಂತಿದ್ದ. ಏನು ತಪ್ಪು ಮಾಡಿದೆನೋ ಎಂಬ ಚಿಂತೆ ಮುಖದಲ್ಲೇ ಕಾಣುತ್ತಿತ್ತು. ನಿಂಬೆವ್ವ ಕಪ್ಪು ತೆಗೆದುಕೊಂಡಳು.

“ನಿಮ್ಮ ಮ್ಯಾಲ ಸುಳ್ಳೇ ಸಂಶೇ ಪಟ್ಟೆ, ಮನಸಿಗಿ ಹಚಗೋಬ್ಯಾಡ್ರಿ” ಎಂದಳು.

“ಏನು ಸಂಶೇರಿ ಅತ್ತಿ?”

“ಮನ್ಯಾಗ ಹೇಳ್ತಾಳ, ನಡೀರಿ. ಆಕಿ ಕೈ ಕೂಡೂ ತನಕ ನಾ ನಿಮ್ಮಲ್ಲೇ ಇರ್ತೇನಿ. ರೊಟ್ಟಿ ಬಡಿಯೋರು ಯಾರದಾರ?”

“ನಾನೇ ಬಡೀಬೇಕು ಅಂತ ಮಾಡಿದ್ದೆರಿ” ಎಂದ ಅವನು. ಬಾಳಮ್ಮ ನಕ್ಕುಬಿಟ್ಟಳು. ನಗುವಿಗೆ ಕೈ ಅಲುಗಿ ನೋವಾಗಿ, “ಸುಮ್ಮಿರ್ರಿ, ನಗಸಬ್ಯಾಡ್ರಿ” ಎಂದು ಗಂಡನನ್ನು ಗದರಿದಳು.